ಸಂತ ಹಿಲ್ಡೆಗಾರ್ಡ್ ಮತ್ತು ಅರೆತಲೆನೋವು

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಅರೆತಲೆನೋವಿನವರು ಒಬ್ಬರಾದರೂ ಇದ್ದೇ ಇರುತ್ತಾರೆ. ನಮ್ಮ ನಿಮ್ಹಾನ್ಸ್ ವೈದ್ಯರು ಬೆಂಗಳೂರು ನಗರದಲ್ಲೂ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ ವಿಚಾರಿಸಿದ ವಿವರ 2015ರಲ್ಲಿ ಪ್ರಕಟವಾಯಿತು. ವಯಸ್ಕರಲ್ಲಿ ಸುಮಾರು ನಾಲ್ವರಿಗೆ ಒಬ್ಬರಂತೆ ಆ ವರ್ಷದಲ್ಲಿ ಮೈಗ್ರೇನ್ ಅನುಭವಿಸಿದ್ದರು. ಅವರಲ್ಲಿ ಹೆಂಗಸರೇ ಹೆಚ್ಚು. ನಮ್ಮ ವಸಂತಪುರದಲ್ಲಿ ಕನಕಪುರ ರಸ್ತೆಯ ಹಾರ್ನ್ ಸಾಲದೆಂಬಂತೆ ಮನೆಯೊಳಗೆ ಕುಕ್ಕರಿನ ಸೀಟಿ, ಟಿವಿಯ ಧಾರಾವಾಹಿ. ಕಿವಿ ಮುಚ್ಚಿಕೊಂಡು ಕತ್ತಲೆ ಕೋಣೆಯಲ್ಲಿ ಮಲಗಿದ ಸೊಸೆಯನ್ನು ಕಂಡು, ಕೆಲಸ ತಪ್ಪಿಸಿಕೊಳ್ಳಲು ಹೂಡಿದ ಆಟ ಎಂದು ಗೊಣಗುವವರೂ ಇದ್ದಾರೆ. ಅಂಥವರಿಗಾಗಿ ಈ ವಾರ ಸಂತ ಹಿಲ್ಡೆಗಾರ್ಡರ ಬಾಳನ್ನು ಹೇಳುತ್ತೇನೆ.

ಜರ್ಮನಿಯಲ್ಲಿ 1098ರಲ್ಲಿ ಹುಟ್ಟಿದ ಈ ಮಗು ಬಾಲ್ಯದಿಂದಲೇ ರೋಗಪೀಡಿತೆ. 1112ರಲ್ಲಿ, ಇನ್ನೂ ಹದಿನಾಲ್ಕು ವಯಸ್ಸಿಗೇ, ಡಿಸಿಬೋಡೆನ್‌ಬರ್ಗ್ ಮಠದ ಪಕ್ಕದ ಕೋಣೆಯಲ್ಲಿ ಯುತ್ತಾ ಎಂಬ ತಪಸ್ವಿನಿಯ ಜೊತೆ ಏಕಾಂತವಾಸಕ್ಕೆ ಸೇರಿದರು. ಯುತ್ತಾ 1136ರಲ್ಲಿ ತೀರಿಕೊಂಡ ಮೇಲೆ ಅಲ್ಲಿನ ಭಗಿನಿಯರಿಗೆ ಇವರೇ ಮುಖ್ಯಸ್ಥೆ. ಚಿಕ್ಕಂದಿನಿಂದ ಕಾಣುತ್ತಿದ್ದ ದಿವ್ಯದರ್ಶನಗಳನ್ನು 1141ರಲ್ಲಿ ಬರೆಸಲು ತೊಡಗಿದರು. ಕಣ್ಣು ಕೋರೈಸುವ ಬೆಳಕು, ಉದುರುವ ನಕ್ಷತ್ರಗಳು, ಕೋಟೆಯ ಗೋಡೆಗಳು, ಜೊತೆಗೆ ಬಾನಿನಿಂದ ಬರುವ ಧ್ವನಿ.

ಇದನ್ನೋದಿದ ಇಂಗ್ಲೆಂಡಿನ ವಿಜ್ಞಾನ ಇತಿಹಾಸಕಾರ ಚಾರ್ಲ್ಸ್ ಸಿಂಗರ್ ಅವರು 1917ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ, ಇದು ಮೈಗ್ರೇನಿನ ಲಕ್ಷಣ ಎಂದರು. ನರರೋಗತಜ್ಞ ಆಲಿವರ್ ಸ್ಯಾಕ್ಸ್ 1970ರಲ್ಲಿ ಅದನ್ನೇ ಮುಂದುವರಿಸಿದರು. ಎಂಟು ಶತಮಾನಗಳ ನಂತರ ನಾಡಿ ಹಿಡಿದು ನೋಡಿದವರಿಲ್ಲ. ಇದು ಊಹೆ ಮಾತ್ರ. ಊಹೆ ನಿಜವಾದರೂ ನಮ್ಮ ವಿಶ್ವಾಸ ಅಲುಗಬೇಕಾಗಿಲ್ಲ. ಕಾಯಿಲೆಯೇ ದರ್ಶನವಾಯಿತು ಎನ್ನುವುದು ಒಂದು ಮಾತು, ಕಾಯಿಲೆಯಿದ್ದ ದೇಹಕ್ಕೆ ದೇವರು ದರ್ಶನವಿತ್ತರು ಎನ್ನುವುದು ಬೇರೆಯೇ ಮಾತು. ಅವರದೆಂದು ಹೇಳಲಾಗುವ ವೈದ್ಯಗ್ರಂಥದಲ್ಲಿ ಅರೆತಲೆನೋವಿನ ಪ್ರಸ್ತಾಪವಿದೆ. ನೋವು ಎಷ್ಟು ಕಠಿಣವೆಂದರೆ ಇಡೀ ತಲೆಯನ್ನು ಒಮ್ಮೆಗೇ ಹಿಡಿದರೆ ಮನುಷ್ಯ ತಾಳಲಾರ, ಅದಕ್ಕೇ ಅರ್ಧಕ್ಕೆ ಬರುತ್ತದೆ ಎಂದು ಅಲ್ಲಿ ವಿವರಿಸಲಾಗಿದೆ. ಈಗಿನ ವೈದ್ಯರು ಆ ಕಾರಣವನ್ನು ಒಪ್ಪುವುದಿಲ್ಲ. ನೋವು ಎರಡೂ ಬದಿಗೆ ಬರುವುದುಂಟು. ಆದರೆ ನೋವನ್ನು ಬಲ್ಲವರ ಮಾತು ಅದು.

ಇನ್ನು ಸದ್ದಿನ ವಿಷಯ. ಮೈಗ್ರೇನ್ ಇರುವವರ ಕಿವಿಯಲ್ಲಿ ಸಾಮಾನ್ಯವಾಗಿ ದೋಷವಿರುವುದಿಲ್ಲ. ಕಿವಿ ಹಿಡಿದ ಸದ್ದು ಮಿದುಳಿನ ಕಾಂಡದ ಮೂಲಕ ಥಾಲಮಸ್ ಎಂಬ ಬಾಗಿಲಿಗೆ ಬಂದು, ಅಲ್ಲಿಂದ ಮಿದುಳಿನ ಹೊರಪದರವನ್ನು ಸೇರುತ್ತದೆ. ಮನೆಗೆ ಹೊಸ ಗಡಿಯಾರ ತಂದ ರಾತ್ರಿ ಅದರ ಟಿಕ್ ಟಿಕ್ ನಿದ್ದೆಗೆಡಿಸುತ್ತದೆ, ವಾರ ಕಳೆದರೆ ಕೇಳಿಸುವುದೇ ಇಲ್ಲ. ಮಿದುಳು ಒಗ್ಗಿಕೊಂಡಿತು. ಮೈಗ್ರೇನ್ ಇರುವ ಹಲವರಲ್ಲಿ, ನೋವಿಲ್ಲದ ದಿನಗಳಲ್ಲೂ, ಈ ಒಗ್ಗುವಿಕೆ ಕಡಿಮೆ ಎಂದು ತಲೆಗೆ ತಂತಿ ಅಂಟಿಸಿ ನಡೆಸಿದ ಅನೇಕ ಪರೀಕ್ಷೆಗಳು ತೋರಿಸಿವೆ. ಹತ್ತನೆಯ ಸದ್ದೂ ಮೊದಲನೆಯದರಷ್ಟೇ ಹೊಸದು. ನೋವು ಬಂದಾಗಲಂತೂ ಪಾತ್ರೆಯ ಸದ್ದೂ ಸುತ್ತಿಗೆಯ ಪೆಟ್ಟು. ಟಿವಿ ಸಣ್ಣ ಮಾಡಿ ಎಂದು ಆಕೆ ಬೇಡಿದರೆ ಅದು ನಖರಾ ಅಲ್ಲ.

ಹಿಲ್ಡೆಗಾರ್ಡರನ್ನೂ ಮೊದಲು ನಂಬಲಿಲ್ಲ. ಬಿಂಗೆನ್ ಬಳಿ ಹೊಸ ಮಠ ಕಟ್ಟಲು ಹೊರಟಾಗ ಮಠಾಧಿಪತಿ ಕೂನೋ ಒಪ್ಪಲಿಲ್ಲ. ಅವರು ಕಲ್ಲಿನಂತೆ ಹಾಸಿಗೆ ಹಿಡಿದರು. ಕೂನೋ ತಾವೇ ಬಂದು ತಲೆ ಎತ್ತಿ ನೋಡಿದರು, ಅಲುಗಲಿಲ್ಲ. ಆಮೇಲೆ ಒಪ್ಪಿಗೆ ಕೊಟ್ಟರು. ಸುಮಾರು 1150ರಲ್ಲಿ ಭಗಿನಿಯರು ರೂಪರ್ಟ್ಸ್‌ಬರ್ಗ್‌ಗೆ ಹೋದರು.

ಇಂಥ ದೇಹದಿಂದಲೇ ಎಪ್ಪತ್ತಕ್ಕೂ ಹೆಚ್ಚು ಹಾಡುಗಳು ಬಂದವು. ಸದ್ಗುಣಗಳನ್ನು ಕುರಿತ ಅವರ ಸಂಗೀತ ನಾಟಕದಲ್ಲಿ ಎಲ್ಲರೂ ಹಾಡುತ್ತಾರೆ, ಸೈತಾನನೊಬ್ಬನಿಗೆ ರಾಗವಿಲ್ಲ, ಅವನದು ಬರಿಯ ಅರಚಾಟ. ಗದ್ದಲ ಬೇರೆ, ಗಾನ ಬೇರೆ ಎಂಬುದನ್ನು ಅವರು ಬಲ್ಲವರಾಗಿದ್ದರು. 2012ರಲ್ಲಿ ಜಗದ್ಗುರು ಹದಿನಾರನೆಯ ಬೆನೆಡಿಕ್ಟ್ ಅವರು ಇವರನ್ನು ಧರ್ಮಸಭೆಯ ಪಂಡಿತರೆಂದು ಸಾರಿದರು. ಆ ಬಿರುದು ಪಡೆದ ಸ್ತ್ರೀಯರಲ್ಲಿ ಇವರು ನಾಲ್ಕನೆಯವರು.

ಎಂಬತ್ತರ ವಯಸ್ಸಿನಲ್ಲಿ ದೊಡ್ಡ ಪರೀಕ್ಷೆ ಬಂತು. ಹಿಂದೆ ಬಹಿಷ್ಕೃತನಾಗಿದ್ದ ಒಬ್ಬ ಕುಲೀನನನ್ನು ಮಠದ ನೆಲದಲ್ಲಿ ಹೂಳಲು ಬಿಟ್ಟದ್ದಕ್ಕೆ, 1178ರಲ್ಲಿ ಮೈಂಟ್ಸ್‌ನ ಧರ್ಮಾಧಿಕಾರಿಗಳು ಮಠದಲ್ಲಿ ಹಾಡುವುದನ್ನೇ ನಿಷೇಧಿಸಿದರು, ಪರಮಪ್ರಸಾದವೂ ಇಲ್ಲ. ಸಾಯುವ ಮುನ್ನ ಆತ ಧರ್ಮಸಭೆಯೊಂದಿಗೆ ರಾಜಿಯಾಗಿದ್ದ ಎಂಬುದು ಹಿಲ್ಡೆಗಾರ್ಡರ ವಾದ. ಶವವನ್ನು ಹೊರಗೆ ತೆಗೆಸಲು ಒಪ್ಪಲಿಲ್ಲ. ಪಾಪಕ್ಕೆ ಮುನ್ನ ಆದಾಮನಲ್ಲಿದ್ದ ಧ್ವನಿಯನ್ನು ಹಾಡು ನೆನಪಿಸುತ್ತದೆ, ಅದನ್ನು ಅಡಗಿಸಬೇಡಿ ಎಂಬರ್ಥದಲ್ಲಿ ಪತ್ರ ಬರೆದರು. ಭಗಿನಿಯರು ತಿಂಗಳುಗಟ್ಟಲೆ ಪ್ರಾರ್ಥನೆಗಳನ್ನು ಮೆಲುದನಿಯಲ್ಲಿ ಓದಿಕೊಂಡರು. 1179ರಲ್ಲಿ ನಿಷೇಧ ತೆರವಾಗಿ ಮಠದಲ್ಲಿ ಮತ್ತೆ ಹಾಡು ಕೇಳಿಸಿತು. ಅದೇ ವರ್ಷ ಸೆಪ್ಟೆಂಬರ್ 17ರಂದು ಅವರು ಕಣ್ಮುಚ್ಚಿದರು.