ಕಾರ್ಲ್ ಕೋನಿಗ್

ಸ್ವಿಟ್ಸರ್ಲೆಂಡ್ ದೇಶದ ಬಾಸೆಲ್ ನಗರಕ್ಕೆ ಸಮೀಪದಲ್ಲಿ ಆರ್ಲೆಸ್‌ಹೈಮ್ ಎಂಬ ಸಣ್ಣ ಊರೊಂದಿದೆ. 1927ನೆಯ ಇಸವಿಯ ಚಳಿಗಾಲ. ಕ್ರಿಸ್‌ಮಸ್ ಹಬ್ಬಕ್ಕೆ ಇನ್ನೂ ಕೆಲವು ವಾರಗಳಿದ್ದುವು. ಬುದ್ಧಿಯ ಬೆಳವಣಿಗೆ ಕುಂಠಿತವಾಗಿದ್ದ ಮಕ್ಕಳು ವಾಸಿಸುತ್ತಿದ್ದ ಅಲ್ಲಿನ ಮನೆಯೊಂದರ ವಿಶಾಲವಾದ ಕೊಠಡಿಯಲ್ಲಿ ದೀಪಗಳನ್ನೆಲ್ಲ ಆರಿಸಲಾಗಿತ್ತು. ನೆಲದ ಮೇಲೆ ಹಸುರು ಪಾಚಿಯನ್ನು ಹಾಸಿ, ನಡುವೆ ಒಂದೇ ಒಂದು ದೊಡ್ಡ ಮೇಣದಬತ್ತಿಯನ್ನು ಹೊತ್ತಿಸಿ ಇಟ್ಟಿದ್ದರು. ಮಕ್ಕಳು ಒಬ್ಬೊಬ್ಬರಾಗಿ ಆ ದೀಪದ ಬಳಿಗೆ ನಡೆದುಹೋಗಿ, ತಮ್ಮ ಕೈಯಲ್ಲಿದ್ದ ಚಿಕ್ಕ ಬತ್ತಿಯನ್ನು ಅದರಿಂದ ಹೊತ್ತಿಸಿಕೊಂಡು ಬರಬೇಕಾಗಿತ್ತು. ಕೆಲವರಿಗೆ ನಡೆಯುವುದೇ ಪ್ರಯಾಸ. ಆದರೂ ಪ್ರತಿಯೊಬ್ಬರ ಸರದಿಗೂ ಉಳಿದವರು ತಾಳ್ಮೆಯಿಂದ ಕಾದರು. ಹಣತೆಯಿಂದ ಹಣತೆಗೆ ಬೆಳಕು ದಾಟುವಂತೆ ಕತ್ತಲೆಯ ಕೊಠಡಿ ಮೆಲ್ಲಮೆಲ್ಲನೆ ಬೆಳಗಿತು.

ಆ ದೃಶ್ಯವನ್ನು ನೋಡುತ್ತ ನಿಂತಿದ್ದವರಲ್ಲಿ ಇಪ್ಪತ್ತೈದು ವರ್ಷದ ಒಬ್ಬ ತರುಣ ವೈದ್ಯನೂ ಇದ್ದನು. ವೈದ್ಯಪದವಿಯನ್ನು ಪಡೆದು ಅವನಿಗೆ ಒಂದು ವರ್ಷವೂ ತುಂಬಿರಲಿಲ್ಲ. ಮುಂದಿನ ತನ್ನ ಆಯುಷ್ಯವೆಲ್ಲ ಇಂಥ ಮಕ್ಕಳಿಗೇ ಮೀಸಲು ಎಂದು ಅವನು ಅಂದೇ ನಿಶ್ಚಯಿಸಿಕೊಂಡನು. ಆ ತರುಣನೇ ಕ್ಯಾಂಪ್‌ಹಿಲ್ ಸಮುದಾಯಗಳ ಸ್ಥಾಪಕರೆಂದು ಮುಂದೆ ಪ್ರಸಿದ್ಧರಾದ ಡಾಕ್ಟರ್ ಕಾರ್ಲ್ ಕೋನಿಗ್.

ಕೋನಿಗ್ ಅವರು 1902ನೆಯ ಇಸವಿಯ ಸೆಪ್ಟೆಂಬರ್ 25ರಂದು ಆಸ್ಟ್ರಿಯದ ವಿಯೆನ್ನಾ ನಗರದಲ್ಲಿ ಜನಿಸಿದರು. ತಂದೆತಾಯಿಗಳು ಯೆಹೂದ್ಯರು, ಪಾದರಕ್ಷೆಗಳ ಅಂಗಡಿಯನ್ನು ಇಟ್ಟುಕೊಂಡಿದ್ದರು. ಅವರಿಗೆ ಕಾರ್ಲ್ ಒಬ್ಬನೇ ಮಗ. ವಿಯೆನ್ನಾ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಾಸ ಮಾಡುವಾಗ ಗರ್ಭದಲ್ಲಿ ಜೀವವು ರೂಪುಗೊಳ್ಳುವ ಬಗೆಯನ್ನು ತಿಳಿಸುವ ಭ್ರೂಣಶಾಸ್ತ್ರವು ಅವರನ್ನು ವಿಶೇಷವಾಗಿ ಆಕರ್ಷಿಸಿತು. ಅದೇ ಕಾಲದಲ್ಲಿ ರುಡಾಲ್ಫ್ ಸ್ಟೈನರ್ ಎಂಬ ಚಿಂತಕರ ಬರಹಗಳು ಅವರ ಕೈಗೆ ಬಂದುವು. ಮನುಷ್ಯನ ಚೇತನವು ಎಂದಿಗೂ ರೋಗಕ್ಕೆ ಒಳಗಾಗದು, ಅದು ವ್ಯಕ್ತವಾಗಲು ಬೇಕಾದ ಶರೀರವೆಂಬ ಸಾಧನದಲ್ಲಿ ಮಾತ್ರ ಕುಂದು ಇರಬಹುದು ಎಂಬ ಭಾವನೆಯು ಕೋನಿಗ್ ಅವರಲ್ಲಿ ಬೇರೂರಿದುದು ಈ ಓದಿನಿಂದ. ಶರೀರ ಬೇರೆ, ಆತ್ಮ ಬೇರೆ ಎಂಬ ಮಾತನ್ನು ಕೇಳುತ್ತಲೇ ಬೆಳೆದ ನಮಗೆ ಇದು ಹೊಸತೆನಿಸದೆ ಇರಬಹುದು. ಆದರೆ ಆ ಮಾತನ್ನು ನಂಬಿ, ಉಣ್ಣಲು ಉಡಲು ಬಾರದ ಮಗುವಿನ ಮುಂದೆ ದಿನವೂ ಕುಳಿತುಕೊಳ್ಳುವುದು ಬೇರೆಯ ವಿಷಯ.

1927ರಲ್ಲಿ ಪದವೀಧರರಾದ ಅವರನ್ನು ಸ್ಟೈನರ್ ಅವರ ಸಹೋದ್ಯೋಗಿಯಾಗಿದ್ದ ಡಾಕ್ಟರ್ ಈಟಾ ವೇಗ್‌ಮನ್ ಎಂಬ ಮಹಿಳೆಯು ಆರ್ಲೆಸ್‌ಹೈಮ್‌ನ ತಮ್ಮ ಚಿಕಿತ್ಸಾಲಯಕ್ಕೆ ಕರೆಸಿಕೊಂಡರು. ಮೇಣದಬತ್ತಿಗಳ ಆ ಸಂಜೆ ಒದಗಿಬಂದುದು ಹೀಗೆ. ಅಲ್ಲಿಯೇ ದಾದಿಯಾಗಿದ್ದ ಟಿಲ್ಲಾ ಮಾಸ್‌ಬರ್ಗ್ ಎಂಬ ತರುಣಿಯನ್ನು ಕೋನಿಗ್ 1929ರಲ್ಲಿ ವಿವಾಹವಾದರು. ಈಕೆ ಮೊರಾವಿಯನ್ ಬಂಧುಗಳೆಂಬ ಕ್ರೈಸ್ತ ಪಂಥದ ಮನೆತನದವರು. ಒಂದೂರಿನ ಜನರೆಲ್ಲ ಒಂದೇ ಮನೆಯವರಂತೆ ಬಾಳುವ ಆ ಪಂಥದ ರೀತಿಯು ಟಿಲ್ಲಾ ಅವರಿಗೆ ಬಾಲ್ಯದಿಂದಲೂ ಪರಿಚಿತವಾಗಿತ್ತು. ಕೋನಿಗ್ ಅವರ ಚರಿತ್ರೆಯನ್ನು ಬರೆಯುವವರು ಈ ಅಂಶಕ್ಕೆ ಎರಡು ಸಾಲುಗಳನ್ನು ಮಾತ್ರ ಮೀಸಲಿಡುವುದುಂಟು; ನನ್ನ ದೃಷ್ಟಿಯಲ್ಲಿ ಮುಂದಿನ ಕಥೆಯ ಅರ್ಧಭಾಗ ಇಲ್ಲಿಯೇ ಇದೆ.

ದಂಪತಿಗಳು ಅಂದು ಜರ್ಮನಿಗೆ ಸೇರಿದ್ದ ಸೈಲೀಷಿಯ ಪ್ರಾಂತದ ಪಿಲ್‌ಗ್ರಾಮ್ಸ್‌ಹೈನ್ ಎಂಬಲ್ಲಿ, ಹಳೆಯ ಸೌಧವೊಂದರಲ್ಲಿ ನಡೆಯುತ್ತಿದ್ದ ಮಕ್ಕಳ ಸಂಸ್ಥೆಯಲ್ಲಿ ಹಲವು ವರ್ಷ ಸೇವೆ ಸಲ್ಲಿಸಿದರು. ಅಷ್ಟರಲ್ಲಿ ಜರ್ಮನಿಯ ಆಡಳಿತವು ಹಿಟ್ಲರನ ಕೈಸೇರಿತು. ಬುದ್ಧಿ ಬೆಳೆಯದವರನ್ನೂ ವಂಶಪಾರಂಪರ್ಯ ರೋಗಗಳುಳ್ಳವರೆಂದು ಭಾವಿಸಿದವರನ್ನೂ ಬಲವಂತವಾಗಿ ಸಂತಾನಹೀನರನ್ನಾಗಿ ಮಾಡುವ ಕಾನೂನನ್ನು ಆ ಸರ್ಕಾರವು 1933ರಲ್ಲಿಯೇ ಜಾರಿಗೆ ತಂದಿತು. ವೈದ್ಯರು ಯೆಹೂದ್ಯರು, ಅವರು ಸಾಕುತ್ತಿದ್ದ ಮಕ್ಕಳು ನಾಡಿಗೆ ಭಾರವೆಂದು ಎಣಿಸಲ್ಪಟ್ಟವರು. 1936ರಲ್ಲಿ ಕೋನಿಗ್ ಅವರು ಜರ್ಮನಿಯನ್ನು ಬಿಟ್ಟು ತವರೂರಾದ ವಿಯೆನ್ನಾಕ್ಕೆ ಹಿಂದಿರುಗಬೇಕಾಯಿತು.

ವಿಯೆನ್ನಾದಲ್ಲಿ ಅವರ ವೈದ್ಯವೃತ್ತಿ ಬಹು ಬೇಗನೆ ಬೆಳೆಯಿತು. ಸಂಜೆಯ ಹೊತ್ತು ಅವರ ಮನೆಯಲ್ಲಿ ಯುವಕ ಯುವತಿಯರ ಗುಂಪೊಂದು ಸೇರತೊಡಗಿತು. ವೈದ್ಯ ವಿದ್ಯಾರ್ಥಿಗಳು, ಚಿತ್ರಕಲಾವಿದ, ರಸಾಯನಶಾಸ್ತ್ರದ ಪದವೀಧರ, ನರ್ತಕಿ ಹೀಗೆ ನಾನಾ ಬಗೆಯವರು ಅದರಲ್ಲಿದ್ದರು; ಹೆಚ್ಚಿನವರು ಯೆಹೂದ್ಯರು. 1938ರ ಮಾರ್ಚ್ 11ರ ಸಂಜೆಯೂ ಅವರು ಕೂಡಿದ್ದರು. ಅಂದೇ ಆಸ್ಟ್ರಿಯದ ಪ್ರಧಾನಿಯು ರಾಜೀನಾಮೆಯನ್ನು ಘೋಷಿಸಿದನು. ಮರುದಿನ ಬೆಳಗ್ಗೆ ಜರ್ಮನ್ ಸೈನ್ಯವು ಗಡಿಯನ್ನು ದಾಟಿ ಬಂದಿತು. ಗುಂಪು ದಿಕ್ಕುಪಾಲಾಯಿತು. ಆದರೆ ಎಲ್ಲಿಯಾದರೂ ಒಂದು ಕಡೆ ಮತ್ತೆ ಸೇರಿ, ಒಟ್ಟಿಗೆ ಬಾಳಿ, ಆದರವಿಲ್ಲದ ಮಕ್ಕಳಿಗಾಗಿ ದುಡಿಯಬೇಕೆಂಬ ಸಂಕಲ್ಪವನ್ನು ಅವರು ಬಿಡಲಿಲ್ಲ.

ಆ ಸ್ಥಳ ದೊರೆತುದು ಸ್ಕಾಟ್ಲೆಂಡಿನಲ್ಲಿ. ಆಬರ್ಡೀನ್ ಪ್ರಾಂತದ ಹಾಟನ್ ಎಂಬ ಜಮೀನ್ದಾರ ದಂಪತಿಗಳು ತಮ್ಮ ಭೂಮಿಯಲ್ಲಿದ್ದ ಕರ್ಕ್‌ಟನ್ ಹೌಸ್ ಎಂಬ ಹಳೆಯ ಮನೆಯನ್ನು ಬಿಟ್ಟುಕೊಟ್ಟರು. 1939ರ ವಸಂತಕಾಲದಲ್ಲಿ ಕೋನಿಗ್ ಅವರ ಸಂಸಾರವೂ ವಿಯೆನ್ನಾದ ಗೆಳೆಯರಲ್ಲಿ ಕೆಲವರೂ ಅಲ್ಲಿ ನೆಲಸಿದರು. ಮನೆಯಲ್ಲಿ ವಿದ್ಯುದ್ದೀಪವಿರಲಿಲ್ಲ; ಚಳಿಯಾದರೋ ಮೂಳೆಯನ್ನು ಕೊರೆಯುವಂಥದು. ನಗರದಲ್ಲಿ ಬೆಳೆದು ಪುಸ್ತಕ ಹಿಡಿದ ಕೈಗಳು ಸೌದೆ ಸೀಳಲೂ ಬಟ್ಟೆ ಒಗೆಯಲೂ ತೋಟ ಅಗೆಯಲೂ ಕಲಿತುವು. ಇಂಗ್ಲಿಷ್ ಭಾಷೆಯೂ ಅವರಿಗೆ ಸರಿಯಾಗಿ ಬರುತ್ತಿರಲಿಲ್ಲ. ಆ ಬೇಸಗೆಯಲ್ಲಿಯೇ ಮೊದಲ ಮಕ್ಕಳು ಬಂದರು. ಮನೆಯಿಲ್ಲದವರು ತಮಗೆ ಸಿಕ್ಕ ಮನೆಯನ್ನು ಬೇರೆಯವರ ಮಕ್ಕಳಿಗೆ ತೆರೆದರು.

ಮಕ್ಕಳ ಸಂಖ್ಯೆ ಹೆಚ್ಚಿದಂತೆ ಕರ್ಕ್‌ಟನ್ ಹೌಸ್ ಸಾಲದಾಯಿತು. ಆಬರ್ಡೀನ್ ನಗರದ ಹೊರವಲಯದಲ್ಲಿ, ಡೀ ನದಿಯ ಬಳಿ ಕ್ಯಾಂಪ್‌ಹಿಲ್ ಎಂಬ ಹೆಸರಿನ ಮನೆಯೂ ತೋಟವೂ ಮಾರಾಟಕ್ಕಿದ್ದುವು. ಇಂಥ ಮಗನೊಬ್ಬನ ತಂದೆಯಾಗಿದ್ದ, ಮ್ಯಾಕ್‌ಮಿಲನ್ ಪುಸ್ತಕ ಪ್ರಕಾಶಕರ ಮನೆತನದ ಮಹನೀಯರೊಬ್ಬರು ಅದನ್ನು ಕೊಳ್ಳಲು ನೆರವಾದರು. ಎಲ್ಲವೂ ಸಿದ್ಧವಾಗುತ್ತಿದ್ದಾಗ ಸಿಡಿಲು ಎರಗಿತು. ಬ್ರಿಟನ್ನಿಗೂ ಜರ್ಮನಿಗೂ ಯುದ್ಧ ನಡೆಯುತ್ತಿದ್ದುದರಿಂದ, ಆಸ್ಟ್ರಿಯ ಮತ್ತು ಜರ್ಮನಿಗಳಿಂದ ಬಂದ ಗಂಡಸರೆಲ್ಲ ಶತ್ರುದೇಶದ ಪ್ರಜೆಗಳೆಂದು 1940ರ ಮೇ ತಿಂಗಳಲ್ಲಿ ಪೊಲೀಸರು ಕೋನಿಗ್ ಅವರನ್ನೂ ಉಳಿದ ಪುರುಷರನ್ನೂ ಕರೆದೊಯ್ದರು. ಹಿಟ್ಲರನಿಂದ ಪ್ರಾಣ ಉಳಿಸಿಕೊಳ್ಳಲು ಓಡಿಬಂದವರು ಹಿಟ್ಲರನ ಕಡೆಯವರೆಂಬ ಶಂಕೆಗೆ ಗುರಿಯಾಗಿ ಐಲ್ ಆಫ್ ಮ್ಯಾನ್ ದ್ವೀಪದ ಮುಳ್ಳುತಂತಿಯ ಬೇಲಿಯೊಳಗೆ ಸೇರಿದರು.

ಉಳಿದವರು ಹೆಂಗಸರು ಮತ್ತು ಮಕ್ಕಳು. ಗಂಡಸರು ಬರುವವರೆಗೆ ಸ್ಥಳಾಂತರವನ್ನು ಮುಂದಕ್ಕೆ ಹಾಕಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಟಿಲ್ಲಾ ಅವರೂ ಅವರ ಸಂಗಾತಿಯರೂ ಹಾಗೆ ಕಾಯಲಿಲ್ಲ. 1940ರ ಜೂನ್ 1ರಂದು ಮಕ್ಕಳನ್ನೂ ಪಾತ್ರೆ ಪಡಗಗಳನ್ನೂ ಕಟ್ಟಿಕೊಂಡು ಅವರು ಕ್ಯಾಂಪ್‌ಹಿಲ್‌ಗೆ ಬಂದು ಒಲೆ ಹೊತ್ತಿಸಿದರು. ಆ ದಿನವನ್ನೇ ಇಂದಿಗೂ ಕ್ಯಾಂಪ್‌ಹಿಲ್‌ನ ಜನ್ಮದಿನವೆಂದು ಪರಿಗಣಿಸುತ್ತಾರೆ. ಸ್ಥಾಪಕರೆಂದು ಲೋಕವು ಕರೆಯುವವರು ಅಂದು ಸೆರೆಯಲ್ಲಿದ್ದರು ಎಂಬುದನ್ನು ಮರೆಯಬಾರದು. ಕೋನಿಗ್ ಅವರಿಗೆ ಬಿಡುಗಡೆಯಾದುದು ಅದೇ ವರ್ಷದ ಶರತ್ಕಾಲದಲ್ಲಿ. ಅಷ್ಟು ತಿಂಗಳನ್ನೂ ಅವರು ಓದಿನಲ್ಲಿ, ಚಿಂತನೆಯಲ್ಲಿ, ಮುಂದಿನ ಸಮುದಾಯದ ರೂಪರೇಖೆಯನ್ನು ಹಾಕುವುದರಲ್ಲಿ ಕಳೆದಿದ್ದರು.

ಅದೇ ಸಮಯದಲ್ಲಿ ಜರ್ಮನಿಯಲ್ಲಿ ಏನು ನಡೆಯುತ್ತಿತ್ತೆಂಬುದನ್ನು ಇಲ್ಲಿ ಹೇಳಲೇಬೇಕು. 1940 ಮತ್ತು 1941ರ ನಡುವೆ ಅಲ್ಲಿನ ಸರ್ಕಾರವು ಮನೋರೋಗಿಗಳೂ ಬೌದ್ಧಿಕ ನ್ಯೂನತೆಯುಳ್ಳವರೂ ಆದ 70,000ಕ್ಕೂ ಹೆಚ್ಚು ಜನರನ್ನು ಆಸ್ಪತ್ರೆಗಳಿಂದ ಸಾಗಿಸಿ ವಿಷಾನಿಲದಿಂದ ಕೊಲ್ಲಿಸಿತು. ಪಟ್ಟಿಯನ್ನು ತಯಾರಿಸಿದವರು ವೈದ್ಯರು. ಒಬ್ಬೊಬ್ಬ ರೋಗಿಗೆ ಆಗುವ ಊಟದ ಖರ್ಚೆಷ್ಟು, ಅವನಿಂದ ಆಗುವ ಕೆಲಸವೆಷ್ಟು ಎಂಬುದೇ ಲೆಕ್ಕಾಚಾರವಾಗಿತ್ತು. ಡೀ ನದಿಯ ದಡದ ಮನೆಯಲ್ಲಿ ಆಗ ಬೇರೊಂದು ಬಗೆಯ ಲೆಕ್ಕ ನಡೆಯುತ್ತಿತ್ತು.

ಆ ಮನೆಯ ರೀತಿ ಹೀಗಿತ್ತು. ಉಪಾಧ್ಯಾಯರು, ದಾದಿಯರು, ವೈದ್ಯರು ಯಾರಿಗೂ ಸಂಬಳವಿರಲಿಲ್ಲ. ಬಂದ ಹಣವು ಎಲ್ಲರದು. ಯಾರಿಗೆ ಎಷ್ಟು ಅಗತ್ಯವೋ ಅಷ್ಟನ್ನು ಪಡೆಯುವುದು. ಮಕ್ಕಳಿಗೆ ಬೇರೆ ಊಟದ ಮನೆ, ಸಿಬ್ಬಂದಿಗೆ ಬೇರೆ ಊಟದ ಮನೆ ಎಂಬ ಭೇದವಿರಲಿಲ್ಲ. ಒಂದೇ ಮೇಜಿನ ಸುತ್ತ ಎಲ್ಲರೂ ಕುಳಿತು ಉಣ್ಣುತ್ತಿದ್ದರು. ಮಗುವಿನ ಬುದ್ಧಿಯ ಮಟ್ಟವನ್ನು ಅಳೆದು ತರಗತಿಗೆ ಹಾಕುವ ಪದ್ಧತಿಯನ್ನೂ ಅವರು ಒಪ್ಪಲಿಲ್ಲ. ಹತ್ತು ವರ್ಷದ ಮಗು, ಅದಕ್ಕೆ ಮಾತು ಬರಲಿ ಬಾರದಿರಲಿ, ಹತ್ತು ವರ್ಷದ ಮಕ್ಕಳೊಡನೆಯೇ ಕುಳಿತು ಆ ವಯಸ್ಸಿನವರು ಕೇಳಬೇಕಾದ ಪುರಾಣವನ್ನೂ ಇತಿಹಾಸವನ್ನೂ ಕೇಳಬೇಕು. ಎಷ್ಟು ಗ್ರಹಿಸಿತು ಎಂಬುದು ಆಮೇಲಿನ ಮಾತು. ಇದನ್ನು ಓದಿದಾಗ ನನಗೆ ನನ್ನದೇ ತರಗತಿಯ ನೆನಪಾಯಿತು. ಪಾಠ ಹತ್ತದ ಹುಡುಗನೊಬ್ಬನನ್ನು ಸೀಮೆಸುಣ್ಣ ತರಲು, ನೀರಿನ ಕೊಡ ತುಂಬಲು ಕಳುಹಿಸಿ, ಅವನಿಗೆ ಉಪಕಾರ ಮಾಡಿದೆನೆಂದು ನಾನು ಬಹುಕಾಲ ನಂಬಿದ್ದೆನು. ಅವನು ಹಿಂತಿರುಗಿ ಬರುವಷ್ಟರಲ್ಲಿ ಪ್ರತಿದಿನವೂ ಕಥೆ ಮುಗಿದಿರುತ್ತಿತ್ತು.

ರಾತ್ರಿ ಮಕ್ಕಳು ಮಲಗಿದ ಮೇಲೆ ಹಿರಿಯರೆಲ್ಲ ಸಭೆ ಸೇರಿ ಯಾವುದಾದರೂ ಒಂದು ಮಗುವನ್ನು ಕುರಿತು ಚರ್ಚಿಸುತ್ತಿದ್ದರು. ಅದು ನಡೆಯುವ ರೀತಿ, ನಗುವ ರೀತಿ, ಅದಕ್ಕೆ ಭಯ ಹುಟ್ಟಿಸುವ ಸದ್ದು, ಪ್ರಿಯವಾದ ಬಣ್ಣ ಇವನ್ನೆಲ್ಲ ಅಡುಗೆಮನೆಯಲ್ಲಿದ್ದವರೂ ತೋಟದಲ್ಲಿದ್ದವರೂ ಹೇಳುತ್ತಿದ್ದರು. ಕೋನಿಗ್ ಕಿವಿಗೊಟ್ಟು ಕೇಳಿ, ಆ ತುಣುಕುಗಳಿಂದ ಮಗುವಿನ ಚಿತ್ರವನ್ನು ಕಟ್ಟಿಕೊಡುತ್ತಿದ್ದರು. ಹಬ್ಬಗಳೆಂದರೆ ಅವರಿಗೆ ಅಪಾರವಾದ ಆಸಕ್ತಿ. ವರ್ಷದ ಹಬ್ಬಹಬ್ಬಕ್ಕೂ ತಾವೇ ನಾಟಕಗಳನ್ನು ಬರೆದರು. ಆಡುವವರಲ್ಲಿ ಮಾತು ಬಾರದವರೂ ಇರುತ್ತಿದ್ದರು. ಅವರಿಗೂ ವೇಷವುಂಟು, ರಂಗದ ಮೇಲೆ ಸ್ಥಾನವುಂಟು.

ಕೋನಿಗ್ ಅವರನ್ನು ಸಾಧುಸ್ವಭಾವದ ಸಂತರೆಂದು ಚಿತ್ರಿಸುವುದು ಸತ್ಯಕ್ಕೆ ದೂರವಾದೀತು. ಎತ್ತರದಲ್ಲಿ ಗಿಡ್ಡರಾದ ಅವರ ಮುಖದಲ್ಲಿ ಸಿಂಹದ ಗಾಂಭೀರ್ಯವಿತ್ತು. ಕೋಪವೂ ಅದಕ್ಕೆ ತಕ್ಕುದಾಗಿಯೇ ಇತ್ತು. ಜತೆಯವರು ಅವರಿಗೆ ಅಂಜುತ್ತಿದ್ದರು. ತಮ್ಮಿಂದ ತಾವು ಅಪೇಕ್ಷಿಸುತ್ತಿದ್ದಷ್ಟನ್ನೇ ಇತರರಿಂದಲೂ ಅವರು ಅಪೇಕ್ಷಿಸಿದರು. ಅದು ಎಲ್ಲರಿಗೂ ಸಾಧ್ಯವಾಗುವಂಥದಾಗಿರಲಿಲ್ಲ. ರೋಗಕಾರಣಗಳ ಬಗೆಗೆ ಅವರು ಬರೆದುದರಲ್ಲಿ ಹಲವು ಸಂಗತಿಗಳನ್ನು ಇಂದಿನ ವೈದ್ಯಶಾಸ್ತ್ರವು ಒಪ್ಪುವುದಿಲ್ಲ. ಆದರೆ ಮಗುವು ಮೊದಲ ಮೂರು ವರ್ಷಗಳಲ್ಲಿ ನಡೆಯಲು, ನುಡಿಯಲು, ಆಲೋಚಿಸಲು ಕಲಿಯುವ ಬಗೆಯನ್ನು ಕುರಿತ ಅವರ ಗ್ರಂಥವನ್ನು ಉಪಾಧ್ಯಾಯರು ಇಂದಿಗೂ ಓದುತ್ತಾರೆ.

ಮಕ್ಕಳು ಮಕ್ಕಳಾಗಿಯೇ ಉಳಿಯುವುದಿಲ್ಲವಷ್ಟೆ. 1950ರ ದಶಕದ ವೇಳೆಗೆ ಕ್ಯಾಂಪ್‌ಹಿಲ್‌ನ ಮೊದಲ ವಿದ್ಯಾರ್ಥಿಗಳು ಪ್ರಾಯಕ್ಕೆ ಬಂದಿದ್ದರು. ನಮ್ಮ ತರುವಾಯ ಇವರ ಗತಿಯೇನು ಎಂಬ ಚಿಂತೆ ಹೆತ್ತವರನ್ನು ಕೊರೆಯುತ್ತಿತ್ತು. ಅಂದಿನ ಇಂಗ್ಲೆಂಡಿನಲ್ಲಿ ಇಂಥವರಿಗೆ ಉಳಿದಿದ್ದ ದಾರಿ ಬಹುಮಟ್ಟಿಗೆ ಒಂದೇ: ನೂರಾರು ಹಾಸಿಗೆಗಳ ದೊಡ್ಡ ಆಸ್ಪತ್ರೆಗಳ ವಾರ್ಡುಗಳು. ಕೋನಿಗ್ ಅವರು ಕಂಡ ಉತ್ತರವೆಂದರೆ ಹಳ್ಳಿ. ಹಿಂದೆ ಸ್ಕಾಟ್ಲೆಂಡಿನ ನ್ಯೂ ಲಾನಾರ್ಕ್‌ನಲ್ಲಿ ಕಾರ್ಮಿಕರಿಗೆ ಒಳ್ಳೆಯ ಬಾಳನ್ನು ರೂಪಿಸಲು ಯತ್ನಿಸಿದ ರಾಬರ್ಟ್ ಓವೆನ್ ಅವರಿಗೆ ಆದರ್ಶಪ್ರಾಯನಾಗಿದ್ದನು. ಉತ್ತರ ಯಾರ್ಕ್‌ಷೈರಿನ ಬೋಳುಗುಡ್ಡಗಳ ನಡುವಣ ಕಣಿವೆಯಲ್ಲಿ, ಮ್ಯಾಕ್‌ಮಿಲನ್ ಮನೆತನದವರ ಆಸ್ತಿಯಾಗಿದ್ದ ಬಾಟನ್ ಎಂಬ ಸ್ಥಳದಲ್ಲಿ 1955ರಲ್ಲಿ ಮೊದಲ ಹಳ್ಳಿ ಆರಂಭವಾಯಿತು. ವಿಯೆನ್ನಾದ ಹಳೆಯ ಗುಂಪಿನವರಾದ ಪೀಟರ್ ರಾತ್ ಅದರ ಹೊಣೆಯನ್ನು ಹೊತ್ತರು.

ಅಲ್ಲಿ ರೋಗಿಗಳೆಂಬವರಿಲ್ಲ, ಎಲ್ಲರೂ ಹಳ್ಳಿಗರು. ಸಂಸಾರಸ್ಥರ ಮನೆಗಳಲ್ಲಿ ಅವರೂ ಮನೆಯವರಾಗಿ ವಾಸಿಸಿದರು. ಬೆಳಗಾದರೆ ಒಬ್ಬನು ಹಸುವಿನ ಕೊಟ್ಟಿಗೆಗೆ, ಒಬ್ಬಳು ಮಗ್ಗಕ್ಕೆ, ಇನ್ನೊಬ್ಬನು ರೊಟ್ಟಿ ಸುಡುವ ಮನೆಗೆ ಹೊರಡುತ್ತಿದ್ದರು. ಅವರು ನೇಯ್ದ ಬಟ್ಟೆ ನಿಜವಾಗಿ ಮಾರಾಟವಾಗುವ ಬಟ್ಟೆ; ಅವರು ಸುಟ್ಟ ರೊಟ್ಟಿಯನ್ನೇ ಹಳ್ಳಿ ಉಣ್ಣಬೇಕು. ಅವನು ಬಾರದಿದ್ದರೆ ಹಸುವಿನ ಕೆಚ್ಚಲು ಬಿಗಿದು ನಿಲ್ಲುವುದು. ತನ್ನಿಂದ ಯಾರಿಗೂ ಪ್ರಯೋಜನವಿಲ್ಲವೆಂದು ಕೇಳುತ್ತಲೇ ಬೆಳೆದವನಿಗೆ, ತನಗಾಗಿ ಕಾಯುತ್ತಿರುವ ಹಸುವೊಂದಿದೆ ಎಂಬುದು ಎಂಥ ಸಂಗತಿ ಎಂಬುದನ್ನು ನೀವೇ ಊಹಿಸಿಕೊಳ್ಳಬಹುದು.

ಬಾಟನ್ ಹಳ್ಳಿಯ ಮಾದರಿಯಲ್ಲಿ ಬೇರೆ ಹಳ್ಳಿಗಳು ಹುಟ್ಟಿದುವು. ಇಂಥವರನ್ನು ಊರಿನಿಂದ ದೂರದ ಕಣಿವೆಯಲ್ಲಿ ಇರಿಸುವುದಕ್ಕಿಂತ ಪೇಟೆಯ ನಡುವೆ ಎಲ್ಲರೊಡನೆ ಇರಿಸುವುದೇ ಯುಕ್ತವೆಂದು ವಾದಿಸುವವರೂ ಮುಂದೆ ಬಂದರು. ಆ ವಾದದಲ್ಲಿ ಹುರುಳಿದೆ. ಸಂಬಳವಿಲ್ಲದ ಸಹಜೀವನವು ಇಂದಿನ ಕಾನೂನಿಗೆ ಹೊಂದುವುದೇ ಎಂಬ ವ್ಯಾಜ್ಯ 2010ರ ದಶಕದಲ್ಲಿ ಬಾಟನ್ನಿನಲ್ಲಿಯೇ ತಲೆದೋರಿ, ಹಳ್ಳಿಯ ಜನ ಎರಡು ಪಕ್ಷವಾದುದೂ ಉಂಟು.

ಕೋನಿಗ್ ಅವರು ಇವನ್ನೆಲ್ಲ ಕಾಣಲಿಲ್ಲ. 1964ರಲ್ಲಿ ಅವರು ತಮ್ಮನ್ನು ಹೊರದೂಡಿದ ಜರ್ಮನಿಗೇ ಹಿಂದಿರುಗಿ, ಕಾನ್‌ಸ್ಟನ್ಸ್ ಸರೋವರದ ದಡದ ಯೂಬರ್ಲಿಂಗನ್ ಬಳಿ ಇಂಥದೇ ಸಮುದಾಯದಲ್ಲಿ ನೆಲಸಿದರು. 1966ರ ಮಾರ್ಚ್ 27ರಂದು ಅಲ್ಲಿಯೇ ನಿಧನ ಹೊಂದಿದರು. ಟಿಲ್ಲಾ ಅವರು 1983ರವರೆಗೆ ಬದುಕಿದ್ದರು. ಇಂದು ಇಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿ ಕ್ಯಾಂಪ್‌ಹಿಲ್‌ನ ನೂರಕ್ಕೂ ಹೆಚ್ಚು ಸಮುದಾಯಗಳಿವೆ. ಅದೇ ಹೆಸರಿನ ಪುಟ್ಟ ಬಳಗವೊಂದು ನಮ್ಮ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಕಡೆಯೂ ಇದೆ. ಡಿಸೆಂಬರ್ ಸಮೀಪಿಸಿದಾಗ ಕ್ಯಾಂಪ್‌ಹಿಲ್‌ನ ಮನೆಗಳಲ್ಲಿ ದೀಪಗಳನ್ನು ಆರಿಸಿ, ನೆಲದ ಮೇಲೆ ಹಸುರು ಹಾಸಿ, ನಡುವೆ ಒಂದು ಮೇಣದಬತ್ತಿಯನ್ನು ಹೊತ್ತಿಸಿ ಇಡುತ್ತಾರೆ.