ದುಂಡುಹುಳುಗಳನ್ನು ಎಣಿಸಿದ ಮೇಷ್ಟ್ರು: ನೇಥನ್ ಆಗಸ್ಟಸ್ ಕಾಬ್

ಅಭ್ಯಾಸ ಬೋಧನೆಯ ಮೂರನೇ ವಾರ ಎಂಟನೇ ತರಗತಿಗೆ ಸಾರಜನಕ ಸ್ಥಿರೀಕರಣದ ಪಾಠ ಮಾಡಬೇಕಿತ್ತು. ಬೇರಿನಲ್ಲಿ ಗಂಟುಗಳಿರುವ ಗಿಡ ಸಿಕ್ಕಿದರೆ ಕಿತ್ತು ತನ್ನಿ ಎಂದು ಮಕ್ಕಳಿಗೆ ಹಿಂದಿನ ದಿನವೇ ಹೇಳಿದ್ದೆ. ಹೆಚ್ಚಿನವರು ಅಲಸಂದೆ, ಹುರುಳಿ ಗಿಡ ತಂದಿದ್ದರು. ಒಬ್ಬಳು ಹುಡುಗಿ ಮಾತ್ರ ಹಿತ್ತಲಿನ ಟೊಮೆಟೊ ಗಿಡ ತಂದಿದ್ದಳು. ಅದರ ಬೇರಿನ ಗಂಟುಗಳು ಎಲ್ಲರ ಗಿಡಕ್ಕಿಂತ ದೊಡ್ಡವು. ನಾನು ಖುಷಿಯಿಂದ ಆ ಗಿಡವನ್ನೇ ಎತ್ತಿ ಹಿಡಿದು, ರೈಜೋಬಿಯಂ ಬ್ಯಾಕ್ಟೀರಿಯಾ ಇಂಥ ಗಂಟುಗಳಲ್ಲೇ ಇರುವುದು ಎಂದು ಇಡೀ ತರಗತಿಗೆ ತೋರಿಸಿದೆ. ಹುಡುಗಿಗೆ ಚಪ್ಪಾಳೆಯನ್ನೂ ಹೊಡೆಸಿದೆ.

ಮಾರ್ಗದರ್ಶಕ ಶಿಕ್ಷಕರು ಅವಲೋಕನ ಪುಸ್ತಕದಲ್ಲಿ ಪೀಠಿಕೆ, ಕಪ್ಪುಹಲಗೆ ಕೆಲಸ ಎಲ್ಲಕ್ಕೂ ಚೆನ್ನಾಗಿದೆ ಎಂದು ಬರೆದು, ಕೊನೆಯಲ್ಲಿ ಟೊಮೆಟೊ ಯಾವಾಗ ಅವರೆ, ತೊಗರಿಯ ಕುಟುಂಬಕ್ಕೆ ಸೇರಿತು ಎಂದು ಕೇಳಿದ್ದರು. ಅದನ್ನು ಓದಿದಾಗ ನನ್ನ ಮುಖ ಬಿಸಿಯಾಯಿತು. ಮರುದಿನ ಆ ಹುಡುಗಿ ಹೇಳಿದ ಮಾತು ಇನ್ನೂ ಕಷ್ಟಕ್ಕೆ ತಂದಿತು. ಗಂಟು ಇದ್ದರೆ ಮಣ್ಣಿಗೆ ಗೊಬ್ಬರ ಇದ್ದ ಹಾಗೆ ಎಂದು ಅವಳು ಮನೆಯಲ್ಲಿ ಹೇಳಿದ್ದಳು. ಅವಳ ತಂದೆ ಆ ಟೊಮೆಟೊ ಪಾತಿಯಲ್ಲೇ ಬದನೆ ಸಸಿ ನಡುವ ಯೋಚನೆಯಲ್ಲಿದ್ದರು.

ಆ ಗಂಟುಗಳು ಬ್ಯಾಕ್ಟೀರಿಯಾದವಲ್ಲ, ಬೇರುಗಂಟು ನೆಮಟೋಡ್ ಎಂಬ ದುಂಡುಹುಳುವಿನವು. ರೈತರಿಗಾಗಿ ಬರೆದ ಕೈಪಿಡಿಗಳಲ್ಲಿ ಇದನ್ನು ಜಂತುಹುಳು ಎನ್ನುತ್ತಾರೆ. ಅಲಸಂದೆಯ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಉಗುರಿನಿಂದ ತಳ್ಳಿದರೆ ಕಳಚಿ ಬರುತ್ತದೆ. ಟೊಮೆಟೊದ ಗಂಟು ಎಂದರೆ ಬೇರೇ ಊದಿಕೊಂಡದ್ದು, ಬೇರು ಮುರಿಯದೆ ಅದು ಬರುವುದಿಲ್ಲ. ಒಂದು ನಿಮಿಷದ ಪರೀಕ್ಷೆ. ಅದು ನನಗೆ ಗೊತ್ತಿರಲಿಲ್ಲ. ಅದೇ ಪಾತಿಗೆ ಬದನೆ ಹಾಕಿದರೆ ಹುಳುವಿಗೆ ಮತ್ತೊಂದು ಊಟ ಬಡಿಸಿದ ಹಾಗೆ.

ತಪ್ಪು ತಿದ್ದುವ ಪಾಠಕ್ಕೆಂದು ಓದಲು ಕೂತಾಗ ಒಂದು ಹೆಸರು ಮತ್ತೆ ಮತ್ತೆ ಎದುರಾಯಿತು. ನಿಂಬೆ, ಕಿತ್ತಳೆಯ ಬೇರಿಗೆ ಬರುವ ನೆಮಟೋಡ್‌ನ ವೈಜ್ಞಾನಿಕ ಹೆಸರಿನ ಮುಂದೆ ಕಾಬ್, 1913. ತೆಂಗಿನದಕ್ಕೆ ಕಾಬ್, 1919. ಬಾಳೆ, ಕಾಳುಮೆಣಸಿನದಕ್ಕೆ ಕಾಬ್, 1893. ಯಾರು ಈ ಕಾಬ್ ಎಂದು ಹುಡುಕಿದರೆ, ಅವರೂ ನಮ್ಮ ಹಾಗೆ ಶಾಲಾ ಮೇಷ್ಟ್ರಾಗಿ ಕೆಲಸ ಶುರು ಮಾಡಿದವರು.

ನೇಥನ್ ಆಗಸ್ಟಸ್ ಕಾಬ್ 1859ರ ಜೂನ್ 30ರಂದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪೆನ್ಸರ್ ಎಂಬ ಊರಿನಲ್ಲಿ ಹುಟ್ಟಿದ. ಅದೇ ವರ್ಷ ಜರ್ಮನಿಯಲ್ಲಿ ಶಾಕ್ಟ್ ಎಂಬ ವಿಜ್ಞಾನಿ, ಸಕ್ಕರೆ ಬೀಟ್ ಹೊಲಗಳು ಸೊರಗುತ್ತಿರುವುದಕ್ಕೆ ಬೇರಿನಲ್ಲಿರುವ ದುಂಡುಹುಳು ಕಾರಣ ಎಂದು ವರದಿ ಮಾಡಿದ್ದ. ಕಾಬ್ ತಂದೆತಾಯಿಗೆ ಒಬ್ಬನೇ ಮಗ. ಹೊಲದ ಕೆಲಸದ ನಡುವೆ ಶಾಲೆಗೆ ಹೋದದ್ದು ಕಡಿಮೆ, ಸ್ವಂತವಾಗಿ ಓದಿಕೊಂಡದ್ದೇ ಹೆಚ್ಚು. ಶಿಕ್ಷಕರ ಪರೀಕ್ಷೆ ಪಾಸಾಗಿ, ಇನ್ನೂ ಹುಡುಗನಾಗಿದ್ದಾಗಲೇ ತನ್ನೂರಿನ ಶಾಲೆಯಲ್ಲಿ ಪಾಠ ಹೇಳಲು ನಿಂತ. ಆಮೇಲೆ ವೂಸ್ಟರ್‌ನ ತಾಂತ್ರಿಕ ಕಾಲೇಜಿಗೆ ಸೇರಿ 1881ರಲ್ಲಿ ಪದವಿ ಪಡೆದ. ಅದೇ ವರ್ಷ ಆಲಿಸ್ ಪ್ರಾಕ್ಟರ್ ಜೊತೆ ಮದುವೆಯಾಯಿತು.

ನಂತರದ ಆರು ವರ್ಷ ಅವರು ಈಸ್ಟ್‌ಹ್ಯಾಂಪ್ಟನ್‌ನ ವಿಲಿಸ್ಟನ್ ಸೆಮಿನರಿ ಎಂಬ ಶಾಲೆಯಲ್ಲಿ ಶಿಕ್ಷಕರಾಗಿದ್ದರು. ನನಗೆ ಅವರ ಬದುಕಿನಲ್ಲಿ ಬಹಳ ಹಿಡಿಸಿದ್ದು ಈ ಆರು ವರ್ಷ. ರಸಾಯನಶಾಸ್ತ್ರ ಕಲಿಸುತ್ತಲೇ ಸುತ್ತಲಿನ ಕಾಡುಮೇಡು ತಿರುಗಿ, ಆಮ್ಹರ್ಸ್ಟ್ ಊರಿನ ಸುತ್ತ ತಾವಾಗಿ ಬೆಳೆಯುವ ಸಸ್ಯಗಳ ಪಟ್ಟಿಯೊಂದನ್ನು ಅಚ್ಚು ಹಾಕಿಸಿದರು. ಜೀವಶಾಸ್ತ್ರವನ್ನು ಯಾರ ಬಳಿಯೂ ಕೂತು ಕಲಿತವರಲ್ಲ. ಕಲಿಸುವುದಕ್ಕಾಗಿ ಕಲಿತರು. ಚಿತ್ರ ಬರೆಯುವ ಕೈ ಇತ್ತು, ಮುಂದೆ ಜೀವನವಿಡೀ ಅದು ಕೆಲಸಕ್ಕೆ ಬಂತು.

1887ರಲ್ಲಿ ಕೆಲಸ ಬಿಟ್ಟು ಹೆಂಡತಿ ಮಕ್ಕಳೊಂದಿಗೆ ಜರ್ಮನಿಯ ಯೇನಾಕ್ಕೆ ಹೋದರು. ಅಲ್ಲಿ ಹೇಕಲ್ ಮೊದಲಾದ ಹೆಸರಾಂತ ಪ್ರಾಧ್ಯಾಪಕರಿದ್ದರು. ಒಂದು ವರ್ಷದೊಳಗೇ ನೆಮಟೋಡ್‌ಗಳ ದೇಹರಚನೆಯ ಮೇಲೆ ಪ್ರಬಂಧ ಬರೆದು 1888ರಲ್ಲಿ ಡಾಕ್ಟರೇಟ್ ಪಡೆದರು. ಇಟಲಿಯ ನೇಪಲ್ಸ್‌ನ ಸಮುದ್ರಜೀವಿ ಸಂಶೋಧನಾ ಕೇಂದ್ರದಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿ, ಅಲ್ಲಿಂದ ಆಸ್ಟ್ರೇಲಿಯಾಕ್ಕೆ ಹಡಗು ಹತ್ತಿದರು. ಸಿಡ್ನಿಯಲ್ಲಿ ಓದಿಗೆ ತಕ್ಕ ಕೆಲಸ ಕೂಡಲೇ ಸಿಗಲಿಲ್ಲ. ಕೊನೆಗೆ 1890ರ ದಶಕದ ಆರಂಭದಲ್ಲಿ ನ್ಯೂ ಸೌತ್ ವೇಲ್ಸ್ ಸರ್ಕಾರದ ಕೃಷಿ ಇಲಾಖೆ ಅವರನ್ನು ಸಸ್ಯರೋಗ ತಜ್ಞರನ್ನಾಗಿ ನೇಮಿಸಿತು.

ಇಲ್ಲಿ ಅವರು ನೆಮಟೋಡ್ ಒಂದನ್ನೇ ಹಿಡಿದು ಕೂರಲಿಲ್ಲ. ರೈತರು ತಂದು ತೋರಿಸಿದ ಎಲ್ಲ ಕಾಯಿಲೆಯನ್ನೂ ನೋಡಿದರು. ಗೋಧಿಯ ತುಕ್ಕು ರೋಗದ ಮೇಲೆ ಕೆಲಸ ಮಾಡಿದರು. ಕಬ್ಬಿನಿಂದ ಅಂಟು ಸುರಿಯುವ ರೋಗಕ್ಕೆ ಬ್ಯಾಕ್ಟೀರಿಯಾ ಕಾರಣ ಎಂದು 1893ರಲ್ಲಿ ಬರೆದರು. ಅದೇ ವರ್ಷ, ಫಿಜಿ ದ್ವೀಪದಿಂದ ಬಂದ ಬಾಳೆಬೇರಿನಲ್ಲಿ ಕಂಡ ಒಂದು ಹುಳುವಿಗೆ ಹೆಸರಿಟ್ಟು ವಿವರಿಸಿದರು. ಒಂದು ಮಿಲಿಮೀಟರ್ ಕೂಡ ಇಲ್ಲದ ಆ ಹುಳುವನ್ನು ಈಗ ರಾಡೊಫೋಲಸ್ ಸಿಮಿಲಿಸ್ ಎನ್ನುತ್ತಾರೆ, ಬೇರಿನೊಳಗೆ ಬಿಲ ಕೊರೆಯುತ್ತ ಸಾಗುವ ನೆಮಟೋಡ್. ಅಷ್ಟು ದೂರದ ಫಿಜಿಯ ಹುಳು ನಮಗೇಕೆ ಎಂದು ಮಲೆನಾಡಿನವರು ಕೇಳುವಂತಿಲ್ಲ. ಅಡಿಕೆ, ಬಾಳೆಯ ಬೇರಿನಲ್ಲಿ ಅದು ಇಲ್ಲೂ ಇದೆ. ಕಾಳುಮೆಣಸಿನ ಬಳ್ಳಿ ಹಳದಿಯಾಗಿ ವರ್ಷದಿಂದ ವರ್ಷಕ್ಕೆ ಕ್ಷೀಣಿಸುವ ನಿಧಾನ ಸೊರಗು ರೋಗದಲ್ಲಿ ಬೇರುಗಂಟು ನೆಮಟೋಡ್ ಜೊತೆಗೆ ಅದರ ಪಾಲೂ ಇದೆ. ಅಮೆರಿಕದ ಫ್ಲಾರಿಡಾದಲ್ಲಿ ಕಿತ್ತಳೆ ತೋಟಗಳು ಮರದಿಂದ ಮರಕ್ಕೆ ಹಬ್ಬುತ್ತ ಹಾಳಾಗುತ್ತಿದ್ದುದಕ್ಕೂ ಅದೇ ಹುಳು ಕಾರಣ ಎಂದು ತಿಳಿದದ್ದು 1953ರಲ್ಲಿ, ಕಾಬ್ ತೀರಿಕೊಂಡು ಇಪ್ಪತ್ತು ವರ್ಷಗಳಾದ ಮೇಲೆ.

1905ರಲ್ಲಿ ಅವರು ಹವಾಯಿಯ ಕಬ್ಬು ಬೆಳೆಗಾರರ ಸಂಶೋಧನಾ ಕೇಂದ್ರಕ್ಕೆ ಹೋದರು. 1907ರಲ್ಲಿ ವಾಷಿಂಗ್ಟನ್‌ಗೆ, ಅಮೆರಿಕದ ಕೃಷಿ ಇಲಾಖೆಗೆ. ಅಲ್ಲಿ ಮೊದಲು ವಹಿಸಿದ ಕೆಲಸ ಹತ್ತಿಯ ದರ್ಜೆ ನಿರ್ಧರಿಸುವ ಮಾನದಂಡಗಳದ್ದು. ಹುಳುಗಳ ಕೆಲಸ ಅದರ ಜೊತೆಜೊತೆಗೇ ಸಾಗಿತು. ಆಮೇಲೆ ಅದೇ ಮುಖ್ಯವಾಯಿತು. ಈ ಅಧ್ಯಯನಕ್ಕೆ ನೆಮಟಾಲಜಿ ಎಂಬ ಸ್ವಂತ ಹೆಸರು ಬೇಕು, ಇದು ಪ್ರಾಣಿಶಾಸ್ತ್ರದ ಒಂದು ಮೂಲೆಯಲ್ಲ ಎಂದು ಹಟ ಹಿಡಿದವರೂ ಅವರೇ. 1914ರ ಇಲಾಖಾ ವಾರ್ಷಿಕ ಪುಸ್ತಕದಲ್ಲಿ ಸಾಮಾನ್ಯ ಓದುಗರಿಗಾಗಿ ನೆಮಟೋಡ್ ಕುರಿತು ಒಂದು ಲೇಖನ ಬರೆದರು. ಅದರಲ್ಲಿನ ಒಂದು ಕಲ್ಪನೆಯನ್ನು ಈ ವಿಷಯ ಬರೆಯುವವರೆಲ್ಲ ಎತ್ತಿ ಹೇಳುತ್ತಾರೆ. ನಾನು ಅದನ್ನು ಬಿಡುತ್ತೇನೆ. ನನಗೆ ತರಗತಿಗೆ ಬೇಕಾಗಿದ್ದು ಅವರ ಬಕೆಟ್ಟು.

ಮಣ್ಣಿನಲ್ಲಿ ಹುಳು ಇದೆ ಎಂದರೆ ಸಾಲದು, ಎಷ್ಟಿದೆ ಎಂದು ತಿಳಿಯಬೇಕು ಎಂದು ಕಾಬ್ ಹೊರಟರು. ಎಣಿಸಬೇಕೆಂದರೆ ಮಣ್ಣಿನಿಂದ ಬೇರೆ ಮಾಡಬೇಕು. 1918ರಲ್ಲಿ ಅವರು ಪ್ರಕಟಿಸಿದ ವಿಧಾನ ಅಡುಗೆಮನೆಯಲ್ಲಿ ಅಕ್ಕಿ ತೊಳೆದು ಕಲ್ಲು ಬೇರೆ ಮಾಡುವುದಕ್ಕೆ ಹತ್ತಿರದ್ದು. ಮಣ್ಣನ್ನು ಬಕೆಟ್ ನೀರಿನಲ್ಲಿ ಕಲಕಿ ಕೆಲವೇ ಸೆಕೆಂಡು ಬಿಡುವುದು. ಮರಳು, ಕಲ್ಲು ತಳಕ್ಕೆ ಹೋಗುತ್ತವೆ. ನೆಮಟೋಡ್ ನೀರಿಗಿಂತ ಸ್ವಲ್ಪವೇ ಭಾರ, ಮುಳುಗಲು ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಮೇಲಿನ ನೀರನ್ನು ಬಗ್ಗಿಸಿ ಜರಡಿಗೆ ಸುರಿಯುವುದು, ಮೊದಲು ದೊಡ್ಡ ಕಣ್ಣಿನ ಜರಡಿ, ಆಮೇಲೆ ಸಣ್ಣದು, ಆಮೇಲೆ ಇನ್ನೂ ಸಣ್ಣದು. ಕೊನೆಯ ಜರಡಿಗಳಲ್ಲಿ ಉಳಿದದ್ದನ್ನು ಸೂಕ್ಷ್ಮದರ್ಶಕದ ಕೆಳಗೆ ಎಣಿಸುವುದು. ಹೀಗೆ ಎಣಿಸಿದಾಗ ಒಂದು ಎಕರೆಯ ಮೇಲ್ಮಣ್ಣಿಗೆ ಲೆಕ್ಕ ನೂರಾರು ಕೋಟಿಗೆ ಹೋಯಿತು. ಇಂದಿಗೂ ನಮ್ಮ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಕಾಬ್ ವಿಧಾನ ಎಂದೇ ಇದನ್ನು ಕಲಿಸುತ್ತಾರೆ.

ಅವರ ಇನ್ನೊಂದು ಉಪಾಯ ಗಣಿತ ಶಿಕ್ಷಕರಿಗೆ ಇಷ್ಟವಾಗಬಹುದು. ಹುಳುವಿನ ಬಾಯಿ, ನರದ ಉಂಗುರ, ಅನ್ನನಾಳದ ಕೊನೆ, ಜನನ ರಂಧ್ರ, ಗುದದ್ವಾರ ಇವೆಲ್ಲ ತಲೆಯಿಂದ ಎಷ್ಟು ದೂರ ಎಂಬುದನ್ನು ಇಡೀ ಉದ್ದದ ಶೇಕಡಾ ಲೆಕ್ಕದಲ್ಲಿ ಬರೆದರು. ಅದರ ಕೆಳಗೆ ಅದೇ ಜಾಗಗಳ ಅಗಲ. ಎರಡು ಸಾಲಿನ ಅಂಕಿಗಳಲ್ಲಿ ಒಂದು ಪ್ರಾಣಿಯ ಆಕಾರ. ಹುಳು ಚಿಕ್ಕದೋ ದೊಡ್ಡದೋ ಎಂಬ ಗೊಂದಲ ಇಲ್ಲ. ನೋಡುವುದಕ್ಕೂ ಅವರದೇ ಸ್ಲೈಡ್ ಇತ್ತು: ಅಲ್ಯೂಮಿನಿಯಂ ಚೌಕಟ್ಟು, ನಡುವೆ ಎರಡು ತೆಳು ಗಾಜು, ಅವುಗಳ ಮಧ್ಯೆ ಹುಳು. ತಿರುಗಿಸಿ ಇಟ್ಟರೆ ಇನ್ನೊಂದು ಪಕ್ಕವೂ ಕಾಣುತ್ತದೆ. ಹೀಗೆ ನೋಡುತ್ತ, ಬರೆಯುತ್ತ ಅವರು ಸಾವಿರಕ್ಕೂ ಹೆಚ್ಚು ಪ್ರಭೇದಗಳನ್ನು ವಿವರಿಸಿದರು.

ಎಲ್ಲ ದುಂಡುಹುಳುವೂ ಶತ್ರು ಎಂದು ಅವರು ನಂಬಿರಲಿಲ್ಲ. ಇತರ ನೆಮಟೋಡ್‌ಗಳನ್ನು ಹಿಡಿದು ತಿನ್ನುವ ಮೊನಾಂಕಸ್ ಗುಂಪಿನ ಮೇಲೆ 1917ರಲ್ಲಿ ವಿವರವಾಗಿ ಬರೆದು, ಇವುಗಳನ್ನೇ ಬೆಳೆಯ ಶತ್ರುಗಳ ಮೇಲೆ ಬಿಡಬಹುದಲ್ಲ ಎಂದು ಆಸೆಪಟ್ಟರು. ಅವರ ಶಿಷ್ಯ ಜೆರಾಲ್ಡ್ ಥಾರ್ನ್ ಬೀಟ್ ಹೊಲಗಳಲ್ಲಿ ಎಣಿಸಿ ನೋಡಿದಾಗ, ಅವನ್ನು ನೆಚ್ಚಿಕೊಳ್ಳುವಂತಿಲ್ಲ ಎಂದು ತಿಳಿಯಿತು. ಗುರುವಿನ ಆಸೆಯನ್ನು ಶಿಷ್ಯ ಗುರು ಕಲಿಸಿದ ಎಣಿಕೆಯಿಂದಲೇ ಪರೀಕ್ಷಿಸಿದ್ದು ನನಗೆ ಒಳ್ಳೆಯ ಪಾಠದ ಹಾಗೆ ಕಾಣುತ್ತದೆ.

ಬೆಳೆಯ ಬೇರಿನ ಜೊತೆಗೆ ಮರದ ಕಾಂಡಕ್ಕೂ ಕಾಬ್ ಕಣ್ಣು ಹಾಕಿದ್ದರು. 1919ರಲ್ಲಿ ವೆಸ್ಟ್ ಇಂಡೀಸ್‌ನ ತೆಂಗಿನ ಮರಗಳನ್ನು ಕೊಲ್ಲುತ್ತಿದ್ದ ಹುಳುವನ್ನು ವಿವರಿಸಿದರು. ರೋಗ ತಗುಲಿದ ಕಾಂಡವನ್ನು ಅಡ್ಡ ಕತ್ತರಿಸಿದರೆ ಒಳಗೆ ಕೆಂಪು ಬಳೆಯಂಥ ಗುರುತು ಕಾಣುತ್ತದೆ. ಒಂದು ಜಾತಿಯ ಮೂತಿಹುಳು ಅದನ್ನು ಮರದಿಂದ ಮರಕ್ಕೆ ಸಾಗಿಸುತ್ತದೆ. ಅವರ ನಂತರ ಆ ವಿಭಾಗ ವಹಿಸಿಕೊಂಡ ಸ್ಟೈನರ್, ಸಹೋದ್ಯೋಗಿ ಬೂರರ್ ಜೊತೆ 1934ರಲ್ಲಿ ಅಮೆರಿಕದ ಪೈನ್ ಮರದ ದಿಮ್ಮಿಯಲ್ಲಿ ಸಿಕ್ಕ ಇನ್ನೊಂದು ನೆಮಟೋಡ್‌ಗೆ ಹೆಸರಿಟ್ಟರು. ಶಿಲೀಂಧ್ರ ತಿಂದು ಬದುಕುವ ಅದನ್ನು ಯಾರೂ ಅಪಾಯಕಾರಿ ಎಂದು ಎಣಿಸಲಿಲ್ಲ. ಅತ್ತ ಜಪಾನಿನಲ್ಲಿ ಪೈನ್ ಕಾಡುಗಳು ಒಣಗುತ್ತ ಹೋದವು. ತೊಗಟೆಯ ಕೆಳಗೆ ಸಿಗುತ್ತಿದ್ದ ದುಂಬಿಗಳ ಮೇಲೆ ದಶಕಗಟ್ಟಲೆ ಆರೋಪ ಹೊರಿಸಿದರು. ನೆಮಟೋಡ್ ಹೊಕ್ಕರೆ ಮರ ಸಾಯುತ್ತದೆ ಎಂದು ಅಲ್ಲಿನ ವಿಜ್ಞಾನಿಗಳು ಪ್ರಯೋಗದಿಂದ ತೋರಿಸಿದ್ದು 1971ರಲ್ಲಿ. ಅದಕ್ಕೆ ಅವರು ಹೊಸ ಹೆಸರು ಕೊಟ್ಟರು. ಅದೂ 1934ರ ಅಮೆರಿಕದ ಹುಳುವೂ ಒಂದೇ ಎಂಬುದು 1981ರಲ್ಲಿ ಸ್ಪಷ್ಟವಾಯಿತು. ದುಂಬಿ ಅದರ ವಾಹನ, ಅಷ್ಟೇ. 1999ರಲ್ಲಿ ಅದು ಪೋರ್ಚುಗಲ್‌ನಲ್ಲೂ ಪತ್ತೆಯಾಯಿತು. ಈಗ ದೇಶದಿಂದ ದೇಶಕ್ಕೆ ಸಾಮಾನು ತುಂಬಿ ಹೋಗುವ ಮರದ ಪೆಟ್ಟಿಗೆಗಳನ್ನು ಬಿಸಿ ಮಾಡಿ ಸಂಸ್ಕರಿಸುವುದಾದರೆ, ಮರದ ಒಳಭಾಗ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಇರಬೇಕೆಂಬ ನಿಯಮ ಇದೆ. ಆ ಪೆಟ್ಟಿಗೆಗಳ ಮೇಲೆ ಗೋಧಿ ತೆನೆಯ ಮುದ್ರೆ ಇರುತ್ತದೆ, ಮಕ್ಕಳಿಗೆ ತೋರಿಸಬಹುದು.

ಇದನ್ನೆಲ್ಲ ಕಾಬ್ ನೋಡಲಿಲ್ಲ. ಕೆಲಸ ಮಾಡುತ್ತಿದ್ದಾಗಲೇ, 1932ರ ಜೂನ್ 4ರಂದು ಬಾಲ್ಟಿಮೋರ್‌ನಲ್ಲಿ ತೀರಿಕೊಂಡರು. 73 ತುಂಬಲು ಇನ್ನೂ ಕೆಲವು ದಿನಗಳಿದ್ದವು. ಅವರ ಮಗಳು ಫ್ರೀಡಾ ಸಸ್ಯ ತಳಿವಿಜ್ಞಾನಿಯಾದರು, ತಂದೆಯ ಬದುಕನ್ನು ಬರೆದಿಟ್ಟವರಲ್ಲಿ ಅವರೂ ಒಬ್ಬರು.

ನನ್ನ ತಿದ್ದುಪಡಿಯ ಪಾಠಕ್ಕೆ ಕಾಬ್ ಅವರ ಜರಡಿಗಳು ಸಿಗಲಿಲ್ಲ. ಅಷ್ಟು ಸಣ್ಣ ಕಣ್ಣಿನ ಜರಡಿ ಶಾಲೆಯಲ್ಲಿ ಎಲ್ಲಿಂದ ಬರಬೇಕು? ಬದಲಿಗೆ ಅದೇ ಕಾಲದ ಇನ್ನೊಂದು ವಿಧಾನ ಹಿಡಿದೆ. 1917ರಲ್ಲಿ ಜಾವಾದಲ್ಲಿದ್ದ ಬೇರ್ಮನ್ ಎಂಬುವವರದು ಅದು. ಆಲಿಕೆಯ ಕೆಳಗೆ ರಬ್ಬರ್ ಕೊಳವೆ, ಅದಕ್ಕೆ ಕ್ಲಿಪ್, ಮೇಲೆ ಬಲೆಯ ತುಂಡು, ಅದರ ಮೇಲೆ ಟಿಶ್ಯೂ ಕಾಗದದಲ್ಲಿ ಟೊಮೆಟೊ ಪಾತಿಯ ಒಂದು ಹಿಡಿ ಮಣ್ಣು, ಮಣ್ಣು ನೆನೆಯುವಷ್ಟು ನೀರು. ಜೀವಂತ ಹುಳುಗಳು ಕಾಗದ ದಾಟಿ ಈಜಿ, ಕೊಳವೆಯ ತಳಕ್ಕೆ ಇಳಿಯುತ್ತವೆ. ಪಾಠಕ್ಕೆ ಮೊದಲು, ನಾನು ಮೊನ್ನೆ ಹೇಳಿದ್ದು ತಪ್ಪು ಎಂದು ಕಪ್ಪುಹಲಗೆಯ ಮೇಲೇ ಬರೆದೆ. ಅಲಸಂದೆ ಗಂಟನ್ನೂ ಟೊಮೆಟೊ ಗಂಟನ್ನೂ ಉಗುರಿನಿಂದ ಕೀಳಲು ಎಲ್ಲರಿಗೂ ಕೊಟ್ಟೆ. ಪಾತಿಗೆ ಈ ಸಲ ಬದನೆ ಬೇಡ, ಚೆಂಡುಹೂ ಹಾಕಿ, ಬೇವಿನ ಹಿಂಡಿ ಸೇರಿಸಲು ಅಪ್ಪನಿಗೆ ಹೇಳು ಎಂದು ಹುಡುಗಿಗೆ ಚೀಟಿ ಬರೆದು ಕೊಟ್ಟೆ.

ಮರುದಿನ ಕ್ಲಿಪ್ ಸಡಿಲಿಸಿ ಒಂದಿಷ್ಟು ಹನಿ ನೀರನ್ನು ಗಾಜಿನ ಬಟ್ಟಲಿಗೆ ಬಿಟ್ಟೆವು. ಶಾಲೆಯ ಹಳೆಯ ಸೂಕ್ಷ್ಮದರ್ಶಕದಲ್ಲಿ ದಾರದ ಎಳೆಗಳಂತೆ ಹೊರಳುತ್ತಿದ್ದವು. ಮಕ್ಕಳು ಸಾಲಾಗಿ ನಿಂತು ನೋಡಿದರು. ಆ ಹುಡುಗಿಗೆ, ಇವುಗಳಲ್ಲಿ ತಮ್ಮ ಟೊಮೆಟೊ ತಿಂದವು ಯಾವುವು ಎಂದು ತಿಳಿಯಬೇಕಿತ್ತು. ಮಣ್ಣಿನ ನೆಮಟೋಡ್‌ಗಳಲ್ಲಿ ಬ್ಯಾಕ್ಟೀರಿಯಾ ತಿನ್ನುವವೂ ಬಹಳ, ಗಿಡ ತಿನ್ನುವುದರ ಬಾಯಲ್ಲಿ ಸೂಜಿಯಂಥ ಮುಳ್ಳು ಇರುತ್ತದೆ, ಅದು ನಮ್ಮ ಮಸೂರಕ್ಕೆ ಕಾಣುವಷ್ಟು ದೊಡ್ಡದಲ್ಲ ಎಂದೆ. ಅವಳು ಒಪ್ಪಲಿಲ್ಲ, ಇನ್ನೊಮ್ಮೆ ಕಣ್ಣಿಟ್ಟು ನೋಡಿದಳು. ಆಮೇಲೆ ನೋಟ್‌ಬುಕ್ಕಿನಲ್ಲಿ ಒಂದು ವೃತ್ತ ಬರೆದು, ಒಳಗೆ ಒಂದೊಂದೇ ಗೆರೆ ಎಳೆದು, ಪಕ್ಕದಲ್ಲಿ ದಿನಾಂಕ ಹಾಕಿ 11 ಎಂದು ಬರೆದಳು.