ನಾಡಿನ ಹವೆಯನ್ನು ಅರಿತ ತೋಟಗಾರ: ಕೃಂಬಿಗಲ್

ಸುಗಂಧ ಪುಷ್ಪಗಳನ್ನು ಬೆಳೆಯಲು ಹೊರಡುವ ಮುನ್ನ ಗುಸ್ತಾವ್ ಹರ್ಮನ್ ಕೃಂಬಿಗಲ್ ಅವರ ಬದುಕನ್ನು ತಾವು ತಿಳಿಯುವುದು ಉಪಯುಕ್ತ.

1865ರಲ್ಲಿ ಜರ್ಮನಿಯ ಡ್ರೆಸ್ಡೆನ್ ಸಮೀಪ ಜನಿಸಿದ ಅವರು ಲಂಡನ್ನಿನ ಕ್ಯೂ ಉದ್ಯಾನದಲ್ಲಿ ದುಡಿದು, 1893ರಲ್ಲಿ ಬರೋಡಾ ಸಂಸ್ಥಾನಕ್ಕೆ ಬಂದರು. 1908ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ಸಂಸ್ಥಾನವನ್ನು ಸೇರಿ, 1932ರವರೆಗೆ ಲಾಲ್‌ಬಾಗನ್ನು ಪೋಷಿಸಿದರು. ಹೊರನಾಡಿನ ಅನೇಕ ಸಸ್ಯಗಳನ್ನು ತರಿಸಿ ಇಲ್ಲಿನ ಹವೆಗೆ ಒಗ್ಗಿಸಿದರು. ಒಂದು ಜಾತಿಯ ಹೂ ಮುಗಿಯುವಾಗ ಮತ್ತೊಂದು ಅರಳುವಂತೆ ಬೆಂಗಳೂರಿನ ಸಾಲುಮರಗಳನ್ನು ಯೋಜಿಸಿದರು. ಯುದ್ಧಕಾಲದಲ್ಲಿ ಜರ್ಮನ್ ಪ್ರಜೆಯೆಂದು ಬಂಧನ ಅನುಭವಿಸಿದರೂ ಈ ನಾಡಿನಲ್ಲಿಯೇ ನೆಲೆನಿಂತು, 1956ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು.

ಅವರು ಹುಟ್ಟಿದ ಶೀತಪ್ರದೇಶದಲ್ಲಿ ಪರಿಮಳದ ಪಿಯೋನಿ ಸುಲಭವಾಗಿ ಅರಳುತ್ತದೆ. ಮಣ್ಣಿನೊಳಗಿನ ಅದರ ಮೊಗ್ಗು ಎಚ್ಚೆತ್ತು ಹೂ ಬಿಡಲು ಹಲವು ವಾರಗಳ ಕಡುಚಳಿ ಅಗತ್ಯ. ಪುತ್ತೂರು, ಸುಳ್ಯ, ಕಡಬಗಳಲ್ಲಿ ಅಂತಹ ಚಳಿಯಿಲ್ಲ. ಆದ್ದರಿಂದ ಚಿತ್ರದ ಅಂದಕ್ಕೆ ಮರುಳಾಗಿ ದುಬಾರಿ ಬೇರುಗೆಡ್ಡೆ ತರಿಸಿ ನಷ್ಟ ಅನುಭವಿಸದಿರಿ.

ಬದಲಿಗೆ ಕರಾವಳಿಗೆ ಹೊಂದುವ ಶಂಕರಪುರ ಮಲ್ಲಿಗೆಯನ್ನು ಆರಿಸಿಕೊಳ್ಳಿ. ಅಡಿಕೆ ತೋಟದ ನೆರಳಿನಲ್ಲಿ ನೆಡದೆ, ಬಿಸಿಲು ಚೆನ್ನಾಗಿ ಬೀಳುವೆಡೆ ಏರುಮಡಿ ಮಾಡಿ ನೆಡಿ. ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುವುದರಿಂದ ಬಸಿಗಾಲುವೆ ತೆಗೆಯಿರಿ. ಕೊಳೆತ ಗೊಬ್ಬರ ಒದಗಿಸಿ, ಒಣಗಿದ ಹಾಗೂ ರೋಗ ತಗುಲಿದ ರೆಂಬೆಗಳನ್ನು ಕತ್ತರಿಸಿ ತೆಗೆಯಿರಿ.

ಗಿಡದ ಸ್ವಭಾವಕ್ಕೂ ನೆಲದ ಹವೆಗೂ ಹೊಂದಿಕೆ ಇದೆಯೇ ಎಂದು ಮೊದಲು ನೋಡುವುದೇ ಕೃಂಬಿಗಲ್ಲರ ಬದುಕು ನಮಗೆ ಕಲಿಸುವ ಪಾಠ.